ಹೊಟ್ಟೆಬಾಕನ ರಕ್ತ

ಆ ಲಸಿಕೆ ಸಂಶೋಧನಾ ಸಂಸ್ಥೆಯಲ್ಲಿ ನಿರ್ದೇಶಕರ ಕುರ್ಚಿಯಲ್ಲಿ ನಿರ್ದೇಶಕರಿಗಿಂತ ಮೊದಲು ಕೂರುತ್ತಿದ್ದವನು ಗಾಜಿನ ಸಾಮಾನು ತೊಳೆಯುವವನು. ಕ್ರಾಂತಿ ಗಿಂತಿ ಏನೂ ಆಗಿರಲಿಲ್ಲ. ಇಡೀ ಕಟ್ಟಡದಲ್ಲಿ ಅಗಲವಾದ ಕೈಗಳಿರುವ ಕುರ್ಚಿ ಅದೊಂದೇ. ರಕ್ತ ತೆಗೆಯುವಾಗ ತೋಳು ಚಾಚಿ ಇಡುವುದಕ್ಕೆ ಅಷ್ಟು ಅನುಕೂಲವಾದ ಜಾಗ ಬೇರೆಲ್ಲೂ ಇರಲಿಲ್ಲ. ಒಮ್ಮೆ ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂರಿಸಿ ಸೂಜಿ ಚುಚ್ಚಿದಾಗ ಅವನು ಕಣ್ಣು ಮೇಲೆ ಮಾಡಿ ಪಕ್ಕಕ್ಕೆ ವಾಲಿದ್ದ, ವಾಲುವಾಗ ಕಪಾಟಿನ ಗಾಜೂ ಜೊತೆಗೆ ಹೋಗಿತ್ತು. ಅಂದಿನಿಂದ ಪರೀಕ್ಷೆ ಇರುವ ದಿನ ಬೆಳಿಗ್ಗೆ ಅವನು ಕುರ್ಚಿಯಲ್ಲಿ, ನಿರ್ದೇಶಕರು ಬಾಗಿಲ ಬಳಿ ಚಹಾ ಲೋಟ ಹಿಡಿದುಕೊಂಡು. ರಕ್ತ ತೆಗೆದಾದ ಮೇಲೆ ಅವನು ಏಳುತ್ತಿದ್ದ, ಅವರು ಕೂರುತ್ತಿದ್ದರು. ಕುರ್ಚಿ ಬೆಚ್ಚಗಿರುತ್ತಿತ್ತು ಎಂಬುದನ್ನು ಇಬ್ಬರೂ ಎಂದೂ ಬಾಯಿಬಿಟ್ಟು ಆಡಿದವರಲ್ಲ.

ಅವನಿಗೆ ಸಂಸ್ಥೆಯಲ್ಲಿ ಹೊಟ್ಟೆಬಾಕ ಎಂದು ಹೆಸರು. ಹೊಸಬರು ಹೆಸರು ಕೇಳಿ, ಆಮೇಲೆ ಆಳನ್ನು ನೋಡಿ, ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಕಡ್ಡಿಯಂಥ ಮನುಷ್ಯ. ಅವನ ಕತ್ತು ತಿರುಗಿದರೂ ಅಂಗಿಯ ಕಾಲರು ತಿರುಗುತ್ತಿರಲಿಲ್ಲ. ಎದುರಿಗಿಟ್ಟ ತಟ್ಟೆಯಲ್ಲಿ ಅರ್ಧ ತಿಂದು ಅರ್ಧ ಪಕ್ಕಕ್ಕೆ ಸರಿಸುವ ಪೈಕಿ. ಹೊಟ್ಟೆಬಾಕತನ ಅವನದಲ್ಲ, ಅವನ ರಕ್ತದಲ್ಲಿರುವ ಬಿಳಿ ಕಣಗಳದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಸ್ಥೆ ಬೆನ್ನು ಹತ್ತಿದ್ದ ಬ್ಯಾಕ್ಟೀರಿಯಾ ಗಾಯದೊಳಗೆ ಸೇರಿ ಕೀವು ಮಾಡುವ ಜಾತಿಯದು. ತೆಳ್ಳನೆಯ ಗೋಡೆಯ ಬ್ಯಾಕ್ಟೀರಿಯಾಗಳೂ ಇವೆ. ಅಂಥವು ರಕ್ತಕ್ಕೆ ಬಿದ್ದರೆ ರಕ್ತದಲ್ಲೇ ಇರುವ ಕೆಲವು ಪ್ರೋಟೀನುಗಳು ಮೈಗೆ ತೂತು ಕೊರೆದು ಅವುಗಳ ಕಥೆ ಮುಗಿಸುವುದುಂಟು. ಆದರೆ ಇದರ ಕೋಶಭಿತ್ತಿ ದಪ್ಪ, ಕೋಟೆಗೋಡೆಯ ಹಾಗೆ. ಕೊರೆಯುವ ಆಟ ನಡೆಯುವುದಿಲ್ಲ. ಉಳಿದ ದಾರಿ ಒಂದೇ, ಬಿಳಿ ರಕ್ತಕಣ ಬಂದು ಇಡಿಯಾಗಿ ನುಂಗಬೇಕು. ಬಿಳಿ ಕಣಕ್ಕೋ ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿಲ್ಲ. ಮೊದಲು ಪ್ರತಿಕಾಯಗಳು ಬಂದು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು, ತಮ್ಮ ಬಾಲವನ್ನು ಹೊರಗೆ ಚಾಚಬೇಕು. ಬಿಳಿ ಕಣ ಹಿಡಿಯುವುದು ಆ ಬಾಲವನ್ನು. ಬಾಲ ಸಿಕ್ಕಿತೋ, ಬ್ಯಾಕ್ಟೀರಿಯಾವನ್ನು ನುಂಗಿ ನೀರು ಕುಡಿಯುತ್ತದೆ. ಸಿಗಲಿಲ್ಲವೋ, ಸಾಲ ತೆಗೆದುಕೊಂಡವನನ್ನು ಗುರುತು ಹಿಡಿಯದ ಸಾಲ ಕೊಟ್ಟವನ ಹಾಗೆ ಪಕ್ಕದಲ್ಲೇ ಹಾದುಹೋಗುತ್ತದೆ.

ನಿರ್ದೇಶಕರು ತಮ್ಮ ಜೀವಮಾನವನ್ನೆಲ್ಲ ಸುರಿದು ಒಂದು ಪ್ರತಿಕಾಯ ತಯಾರಿಸಿದ್ದರು. ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡುವುದಕ್ಕೆ ಆಗತಾನೇ ತೆಗೆದ ರಕ್ತದ ಬಿಳಿ ಕಣಗಳು ಬೇಕು. ಹಳಸಿದವು ತಿನ್ನುವುದಿಲ್ಲ. ಮೊದಮೊದಲು ಸಿಬ್ಬಂದಿಯವರೆಲ್ಲ ಹುರುಪಿನಿಂದ ತೋಳು ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಮಾಸ್ತರ ಕಣಗಳು ಸುಮಾರು, ಲೆಕ್ಕ ವಿಭಾಗದವರ ಕಣಗಳು ಅರೆಮನಸ್ಸಿನವು, ನಿರ್ದೇಶಕರ ಕಣಗಳಂತೂ ಬಾಯಿಗಿಟ್ಟರೂ ಮುಖ ತಿರುಗಿಸಿಕೊಂಡು ಕೂತಿದ್ದವು. ಆ ಫಲಿತಾಂಶ ಬಂದ ಮೇಲೆ ಸಿಬ್ಬಂದಿಯ ರಕ್ತವನ್ನು ಇನ್ನು ಮುಂದೆ ಪರೀಕ್ಷಿಸುವ ಅಗತ್ಯವಿಲ್ಲ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ತೊಳೆದ ಗಾಜುಗಳ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದವನ ತೋಳು ಕಣ್ಣಿಗೆ ಬಿತ್ತು. ಅವನ ಕಣಗಳು ಸಿಕ್ಕ ಬ್ಯಾಕ್ಟೀರಿಯಾವನ್ನೆಲ್ಲ ಗಬಗಬನೆ ತಿಂದು, ಒಂದೊಂದೂ ಗುಂಡಗೆ ಉಬ್ಬಿಕೊಂಡು, ಇನ್ನೂ ಇದೆಯೇ ಎಂದು ಕೇಳುವಂತಿದ್ದವು. "ಹೊಟ್ಟೆಬಾಕ ಕಣಯ್ಯಾ ನೀನು!" ಎಂದು ನಿರ್ದೇಶಕರು ಬೆನ್ನು ತಟ್ಟಿದರು. ಹೆಸರು ಅಂಟಿಕೊಂಡಿತು.

ಅಲ್ಲಿಂದ ಅವನ ಗ್ರಹಗತಿಯೇ ಬದಲಾಯಿತು. ಪರೀಕ್ಷೆಯ ದಿನ ಗುಮಾಸ್ತರೇ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು. "ರಾತ್ರಿ ನಿದ್ದೆ ಬಂತಾ? ಹೊಟ್ಟೆ ಸರಿಯಾಗಿದೆಯಾ?" ಎಂದು ಲೆಕ್ಕ ವಿಭಾಗದವರು ವಿಚಾರಿಸುತ್ತಿದ್ದರು. ಹುಟ್ಟಿದಾರಭ್ಯ ತನ್ನ ಹೊಟ್ಟೆಯ ಬಗ್ಗೆ ಹೆಂಡತಿಯನ್ನು ಬಿಟ್ಟು ಯಾರೂ ಕೇಳಿದ್ದನ್ನು ಕಾಣದ ಮನುಷ್ಯ, ಈಗ ಉತ್ತರವನ್ನು ವಿವರವಾಗಿ ಕೊಡುವುದನ್ನು ರೂಢಿ ಮಾಡಿಕೊಂಡ. ಸ್ವಲ್ಪ ಜಂಬವೂ ಬಂತೆನ್ನಿ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಎದ್ದು ಬೇರೆ ಕಡೆ ಹೋಗಿ ನಿಲ್ಲುತ್ತಿದ್ದ, ಸಂಸ್ಥೆಯ ಆಸ್ತಿಗೆ ಧಕ್ಕೆಯಾಗಬಾರದು ನೋಡಿ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಕೋಟು, ಸಮವಸ್ತ್ರ ಹೊಲಿಯುತ್ತಿದ್ದಳು. "ನಿಮ್ಮ ರಕ್ತಕ್ಕೆ ಇರೋ ಹಸಿವು ನಿಮಗಿದ್ದಿದ್ರೆ ನಾನು ಮಾಡಿದ್ದು ಮಿಗ್ತಿರ್ಲಿಲ್ಲ" ಎಂದು ಚುಚ್ಚುತ್ತಿದ್ದಳು. ಆದರೆ ಬಟ್ಟೆ ಕೊಡಲು ಬಂದವರ ಮುಂದೆ, "ನಮ್ಮ ಮನೆಯವರ ರಕ್ತದ ಮೇಲೇ ಆ ಆಫೀಸು ನಿಂತಿರೋದು" ಎಂದು ಹೇಳುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಅಳಿಯ ಅದೇ ಸಂಸ್ಥೆಯ ವ್ಯಾನು ಓಡಿಸುವವನು. ಮಾವ ನಿರ್ದೇಶಕರ ಕುರ್ಚಿಯಲ್ಲಿ ಕೂತದ್ದನ್ನು ಅವನು ಮೊಬೈಲಿನಲ್ಲಿ ಫೋಟೋ ತೆಗೆದು ಹೆಂಡತಿಗೆ ತೋರಿಸಿದ್ದ. ಮಗಳು ಅದನ್ನು ಕಂಡಕಂಡವರಿಗೆ ತೋರಿಸಿದ್ದಳು, ಸೂಜಿ ಕಾಣದ ಹಾಗೆ ಅಂಚು ಕತ್ತರಿಸಿ.

ಹೀಗೆ ಎಲ್ಲವೂ ಸುಸೂತ್ರವಾಗಿ ಸಾಗುತ್ತಿರುವಾಗ ಕೊನೆಯ ಹಂತದ ಪರೀಕ್ಷೆ ಬಂತು. ಅಲ್ಲಿಯವರೆಗೆ ಬಳಸುತ್ತಿದ್ದ ಬ್ಯಾಕ್ಟೀರಿಯಾ ಸಂಸ್ಥೆಯಲ್ಲೇ ಬೆಳೆಸಿದ್ದು, ತಲೆತಲಾಂತರದಿಂದ ಅಲ್ಲೇ ಇದ್ದದ್ದು. ಈಗ ಆಸ್ಪತ್ರೆಯ ರೋಗಿಗಳ ಗಾಯದಿಂದ ತೆಗೆದ ಹೊಸ ಬ್ಯಾಕ್ಟೀರಿಯಾ ಬಂತು. ಅಳಿಯನೇ ವ್ಯಾನಿನಲ್ಲಿ ಐಸ್ ಡಬ್ಬಿಯಲ್ಲಿಟ್ಟು ತಂದ. ಹೊಟ್ಟೆಬಾಕ ಕುರ್ಚಿಯಲ್ಲಿ ಕೂತ, ರಕ್ತ ಕೊಟ್ಟ, ಬಾಳೆಹಣ್ಣು ತಿಂದ, ಕೆಳಗೆ ಹೋಗಿ ಗಾಜು ತೊಳೆಯತೊಡಗಿದ. ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಯಾರ ಸದ್ದೂ ಇರಲಿಲ್ಲ. ಅವನ ಬಿಳಿ ಕಣಗಳು ಏನನ್ನೂ ತಿಂದಿರಲಿಲ್ಲ. ಬ್ಯಾಕ್ಟೀರಿಯಾಗಳ ನಡುವೆ ಸಂಜೆ ವಾಕಿಂಗ್ ಹೊರಟವರ ಹಾಗೆ ಅಡ್ಡಾಡುತ್ತಿದ್ದವು.

ಮತ್ತೆ ರಕ್ತ ತೆಗೆದರು. ಮತ್ತೆ ಅದೇ ಕಥೆ. ನಿರ್ದೇಶಕರ ಮುಖ ಸುಟ್ಟ ಬದನೆಕಾಯಿ ಆಯಿತು. ಜೀವಮಾನದ ಪ್ರತಿಕಾಯದಲ್ಲಿ ತಪ್ಪಿರಬಹುದು ಎಂದು ಒಬ್ಬ ನಿರ್ದೇಶಕರಿಗೆ ಹೊಳೆಯುವುದು ಹೇಗೆ ಸಾಧ್ಯ? ತಪ್ಪು ಬೇರೆ ಎಲ್ಲಾದರೂ ಇರಲೇಬೇಕು. ಒಂದು ಸಮಿತಿ ರಚನೆಯಾಯಿತು. ಸಮಿತಿ ಹೊಟ್ಟೆಬಾಕನನ್ನು ಕರೆಸಿ, ಈ ಸಲ ಸ್ಟೂಲಿನ ಮೇಲೆ ಕೂರಿಸಿತು.

"ಹೊರಗಡೆ ಏನಾದ್ರೂ ತಿಂದ್ಯಾ?"

"ಇಲ್ಲ ಸಾರ್."

"ಮನೇಲಿ ಏನಾದ್ರೂ ಬೇಜಾರು? ಹೆಂಡತಿ ಜೊತೆ ಜಗಳ?"

"ದಿನಾ ಇದ್ದಿದ್ದೇ ಸಾರ್. ಆಗ ಸರಿಯಾಗೇ ತಿಂತಿದ್ವಲ್ಲ ಅವು?"

"ನಿನಗೆ ಈ ಕೆಲಸದ ಮೇಲೆ ಮೊದಲಿದ್ದ ಶ್ರದ್ಧೆ ಇದೆಯಾ?" ಎಂದು ಲೆಕ್ಕ ವಿಭಾಗದವರು ಕೇಳಿದರು. ರಕ್ತಕ್ಕೂ ಶ್ರದ್ಧೆಗೂ ಏನು ಸಂಬಂಧವೆಂದು ಯಾರೂ ಅವರನ್ನು ಕೇಳಲಿಲ್ಲ, ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಹೊಟ್ಟೆಬಾಕ ಮಾತ್ರ ನಿಜವಾಗಿ ಯೋಚಿಸಿದ. ಇರಬಹುದೇನೋ, ಜಂಬ ಬಂದದ್ದಕ್ಕೆ ಹೀಗಾಯಿತೇನೋ ಎಂದುಕೊಂಡ.

ಮರುದಿನ ಸೂಚನಾ ಫಲಕದ ಮೇಲೆ ಒಂದು ಪ್ರಕಟಣೆ ಬಿತ್ತು: ಒಂದನೆಯ ರಕ್ತದಾನಿಯ ರಕ್ತಕಣಗಳ ಸಾಮರ್ಥ್ಯ ಕುಸಿದಿರುವುದರಿಂದ ಪರೀಕ್ಷೆಯನ್ನು ಮುಂದೂಡಲಾಗಿದೆ. ಕೆಳಗೆ ನಿರ್ದೇಶಕರ ಸಹಿ, ಬಾಲ ಸುತ್ತಿದ ಸಹಿ. ಒಂದನೆಯ ದಾನಿ ಯಾರೆಂದು ಇಡೀ ಕಟ್ಟಡಕ್ಕೆ ಗೊತ್ತಿತ್ತು, ಎರಡನೆಯವನು ಇರಲೇ ಇಲ್ಲವಲ್ಲ. ಬಾಳೆಹಣ್ಣು ನಿಂತಿತು. ಅವನು ತೊಳೆದಿಟ್ಟ ಗಾಜನ್ನು ಕೆಲವರು ಮತ್ತೊಮ್ಮೆ ತೊಳೆದುಕೊಳ್ಳತೊಡಗಿದರು. ಓದಿದವರು ಅವರು, ರಕ್ತ ಕೆಟ್ಟರೆ ಬೆರಳಿನಿಂದ ಗಾಜಿಗೆ ಇಳಿಯುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವರು. ಆದರೂ ತೊಳೆದರು.

ಮಾತು ಕಟ್ಟಡದೊಳಗೇ ಉಳಿದಿದ್ದರೆ ಅವನು ನುಂಗಿಕೊಳ್ಳುತ್ತಿದ್ದನೋ ಏನೋ. ಆದರೆ ಫಲಕವನ್ನು ಅಳಿಯನೂ ಓದಿದ್ದ. ಅವನು ಒಳ್ಳೆಯವನೇ, ಬಾಯಿ ಮಾತ್ರ ನಿಲ್ಲುವುದಿಲ್ಲ. ಮನೆಯಲ್ಲಿ ಹೇಳಿದ. ಮನೆಯಲ್ಲಿ ಅವನ ತಾಯಿ ಕೇಳಿಸಿಕೊಂಡರು. ಹೊಟ್ಟೆಬಾಕನ ಮಗಳು ಆಗಿನ್ನೂ ಮೂರು ತಿಂಗಳ ಬಸುರಿ. ಅತ್ತೆ ಸೊಸೆಯ ಹೊಟ್ಟೆಯ ಕಡೆ ನೋಡಿ, "ಅಪ್ಪನ ರಕ್ತದಲ್ಲೇ ಐಬು ಅಂದ್ಮೇಲೆ ನಿಂದೂ ಒಂದ್ಸಲ ತೋರಿಸ್ಕೊಂಡು ಬಂದ್ಬಿಡಮ್ಮ" ಎಂದರು. ಮಗಳು ತೋರಿಸಿಕೊಂಡು ಬಂದಳು. ಏನೂ ಇಲ್ಲವೆಂದು ವೈದ್ಯರು ಹೇಳಿದರು. ಅತ್ತೆ ಬೇರೆ ವೈದ್ಯರ ಹೆಸರು ಹೇಳಿದರು.

"ಅಪ್ಪ, ನಿಜ ಹೇಳು. ಏನಾಗಿದೆ ನಿಂಗೆ?" ಎಂದು ಮಗಳು ಫೋನಿನಲ್ಲಿ ಅತ್ತಳು. "ನನ್ನ ಮಗೂಗೂ ಬರುತ್ತಾ ಅದು?"

ಅವನಿಗೇ ಗೊತ್ತಿರಲಿಲ್ಲ. "ಏನಿಲ್ಲಮ್ಮ" ಅಂದ. ಅವನ ದನಿ ಅವನಿಗೇ ನಂಬಿಕೆ ಹುಟ್ಟಿಸಲಿಲ್ಲ. ಅಂದಿನಿಂದ ಊಟ ಇನ್ನೂ ಕಡಿಮೆಯಾಯಿತು. ಗಡ್ಡ ಮಾಡಿಕೊಳ್ಳುವಾಗ ಕೆನ್ನೆ ಕೊಯ್ದುಕೊಂಡರೆ ಕನ್ನಡಿಗೆ ಹತ್ತಿರ ಹೋಗಿ ಆ ಹನಿಯನ್ನೇ ನೋಡುತ್ತ ನಿಲ್ಲುತ್ತಿದ್ದ. ಕೆಂಪಗೇ ಇರುತ್ತಿತ್ತು. ಹೆಂಡತಿ ಚುಚ್ಚುವುದನ್ನು ಬಿಟ್ಟುಬಿಟ್ಟಳು. ಅವನಿಗೆ ಎಲ್ಲಕ್ಕಿಂತ ಹೆಚ್ಚು ದಿಗಿಲಾದದ್ದು ಅದರಿಂದ.

ಸಂಸ್ಥೆಗೆ ಹೊಸದಾಗಿ ಸೇರಿದ ಒಬ್ಬ ಮೇಡಂ ಇದ್ದರು. ಹೊಸಬರಾದ್ದರಿಂದ ಇನ್ನೂ ಪರೀಕ್ಷೆ ಮಾಡಿ ನೋಡುವ ಕೆಟ್ಟ ಅಭ್ಯಾಸ ಉಳಿದಿತ್ತು. ಅವರು ತಮ್ಮದೇ ರಕ್ತ ತೆಗೆದು, ಅವನದನ್ನೂ ಕೇಳಿ ಪಡೆದು, ಎರಡಕ್ಕೂ ಎರಡೂ ಬಗೆಯ ಬ್ಯಾಕ್ಟೀರಿಯಾ ಕೊಟ್ಟು ನೋಡಿದರು. ಹಳೆಯ ಬ್ಯಾಕ್ಟೀರಿಯಾವನ್ನು ಅವನ ಕಣಗಳು ಎಂದಿನಂತೆ ಬಾಚಿ ಬಾಚಿ ತಿಂದವು, ಮೇಡಂ ಕಣಗಳೂ ಒಂದಿಷ್ಟು ತಿಂದವು. ಹೊಸದನ್ನು ಇಬ್ಬರ ಕಣಗಳೂ ಮುಟ್ಟಲಿಲ್ಲ. ಮೇಡಂ ಇದನ್ನು ತೆಗೆದುಕೊಂಡು ಹೋಗಿ ನಿರ್ದೇಶಕರಿಗೆ ತೋರಿಸಿದರು. ಅವರು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು, ಮರುಕದಿಂದ ಹೇಳಿದರು: "ಅಯ್ಯೋ, ಹಾಗಾದ್ರೆ ನಿಮ್ಮ ರಕ್ತಾನೂ ಕೆಟ್ಟಿದೆಯಲ್ಲಮ್ಮ!"

ಮೇಡಂ ಅಲ್ಲಿ ನಗಲೂ ಇಲ್ಲ, ಅಳಲೂ ಇಲ್ಲ. ಸಂಜೆ ಬಿಳಿ ಕೋಟಿನ ಹರಿದ ಜೇಬು ಹೊಲಿಸುವ ನೆಪದಲ್ಲಿ ನೇರವಾಗಿ ಹೊಟ್ಟೆಬಾಕನ ಮನೆಗೆ ಬಂದರು. ಗಂಡಹೆಂಡಿರಿಬ್ಬರೂ ಕೈಕಟ್ಟಿ ನಿಂತರು, ಇನ್ನೇನು ಕೇಡು ಕಾದಿದೆಯೋ ಎಂಬಂತೆ.

"ನಿಮಗೆ ಏನೂ ಆಗಿಲ್ಲ" ಎಂದರು ಮೇಡಂ. "ನಮ್ಮ ಹಳೇ ಬ್ಯಾಕ್ಟೀರಿಯಾ ಇದೆಯಲ್ಲ, ಅದು ಎಷ್ಟೋ ವರ್ಷದಿಂದ ಕೂತಲ್ಲೇ ಊಟ ತಿಂದ್ಕೊಂಡು, ಬೆಚ್ಚಗೆ, ಶತ್ರುಗಳ ಕಾಟ ಇಲ್ದೆ ಬೆಳೆದಿರೋದು. ಅಂಥದ್ದಕ್ಕೆ ಕೋಟು ಯಾಕೆ ಬೇಕು? ಬಿಚ್ಚಿ ಹಾಕ್ಬಿಟ್ಟಿದೆ. ಆಸ್ಪತ್ರೆಯಿಂದ ಬಂದಿದ್ದು ಹಾಗಲ್ಲ. ಅದು ಗೋಡೆಯ ಮೇಲೆ ದಪ್ಪನೆ ಲೋಳೆ ಕೋಟು ಹಾಕ್ಕೊಂಡೇ ಇದೆ, ಮೈಯೊಳಗೆ ಬದುಕಬೇಕಲ್ಲ. ಸಾರ್ ಪ್ರತಿಕಾಯ ಮಾಡಿದ್ದು ಕೋಟಿಲ್ಲದ್ದನ್ನ ನೋಡ್ಕೊಂಡು. ಹಾಗಾಗಿ ಅದು ಕೋಟಿನೊಳಗೆ ತೂರಿ ಹೋಗಿ ಗೋಡೆಗೆ ಅಂಟುತ್ತೆ."

"ಅಂಟುತ್ತೆ ಅಲ್ವಾ? ಮತ್ತೆ ಇವರ ರಕ್ತ ಯಾಕೆ ತಿನ್ನಲ್ಲ?" ಎಂದಳು ಹೆಂಡತಿ.

ಮೇಡಂ ಯಂತ್ರದ ಮೇಲಿದ್ದ ಕೋಟನ್ನು ಎತ್ತಿಕೊಂಡರು. ಕುತ್ತಿಗೆಯ ಹತ್ತಿರ ಮೊಳೆಗೆ ನೇತುಹಾಕಲು ಒಂದು ಕುಣಿಕೆ ಇತ್ತು. "ಇದನ್ನ ನೀವು ಅಸ್ತರಿನ ಒಳಗಡೆ ಹೊಲಿದ್ರಿ ಅನ್ಕೊಳ್ಳಿ. ಕುಣಿಕೆ ಇದೆ, ಗಟ್ಟಿಯಾಗೇ ಇದೆ. ಆದ್ರೆ ನೇತುಹಾಕೋರ ಕೈಗೆ ಸಿಗುತ್ತಾ? ಹಾಗೇ. ಪ್ರತಿಕಾಯದ ಬಾಲ ಕೋಟಿನೊಳಗೆ ಮುಳುಗಿಹೋಗಿದೆ. ನಿಮ್ಮ ಯಜಮಾನರ ಕಣಗಳು ಬಂದು ಹುಡುಕಿ ಹುಡುಕಿ ವಾಪಸ್ ಹೋಗ್ತಿವೆ."

"ಅಂದ್ರೆ ಹೊಲಿದವರ ತಪ್ಪು" ಎಂದ ಹೊಟ್ಟೆಬಾಕ ಮೆಲ್ಲಗೆ.

"ಹೊಲಿದವರ ತಪ್ಪು."

ಹೆಂಡತಿ ಕೋಟನ್ನು ಮಡಿಲಿಗೆ ಎಳೆದುಕೊಂಡು ಅಳಲು ಶುರುಮಾಡಿದಳು. ಅಂದು ರಾತ್ರಿ ಅವನು ತಟ್ಟೆಯಲ್ಲಿ ಏನನ್ನೂ ಬಿಡಲಿಲ್ಲ. ಆದರೆ ಮೇಡಂ ಹೇಳಿದ್ದನ್ನು ಮಗಳಿಗೆ ಹೇಳಿದಾಗ ಅವಳು ಕೇಳಿಸಿಕೊಂಡು, "ನಂಗೆ ನಂಬಿಕೆ ಇದೆ ಅಪ್ಪ. ಅತ್ತೆಗೆ ಹೇಳಿದ್ರೆ, ಬೋರ್ಡ್ ಮೇಲೆ ದೊಡ್ಡೋರೇ ಬರೆದಿದ್ದಾರಲ್ಲ ಅಂತಾರೆ" ಎಂದಳು. ಅದೂ ಸರಿಯೇ. ಕೋಟಿನ ಕುಣಿಕೆಯ ಕಥೆಗೆ ಸಹಿ ಇರಲಿಲ್ಲ.

ಮೇಡಂ ಕೈಕಟ್ಟಿ ಕೂರಲಿಲ್ಲ. ಗೋಡೆಗಲ್ಲ, ಕೋಟಿಗೇ ಅಂಟುವ ಪ್ರತಿಕಾಯವೊಂದನ್ನು ತಯಾರಿಸಿದರು. ಅದು ಹೊರಮೈಯಲ್ಲೇ ನಿಲ್ಲುತ್ತದೆ, ಬಾಲ ಹೊರಗೇ ಇರುತ್ತದೆ. ಅದಕ್ಕೆ ಕಾಲ ಹಿಡಿಯಿತು. ಅಷ್ಟರಲ್ಲಿ ಹೊರಗಿನಿಂದ ತಜ್ಞರು ಸಂಸ್ಥೆಯನ್ನು ನೋಡಲು ಬರುತ್ತಾರೆಂಬ ಸುದ್ದಿ ಬಂತು. ತೋರಿಸಲು ಬೇರೇನೂ ಇರಲಿಲ್ಲ. ನಿರ್ದೇಶಕರು ಒಂದು ಬೆಳಿಗ್ಗೆ ಸಭೆ ಕರೆದು, ತಾವು ಬಹಳ ದಿನಗಳಿಂದ ಕೋಟಿನ ಬಗ್ಗೆ ಚಿಂತಿಸುತ್ತಿದ್ದುದಾಗಿ ತಿಳಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಕೂಡ ತಟ್ಟಿದರು, ಕೆಲಸ ಆದರೆ ಸಾಕಿತ್ತು ಅವರಿಗೆ.

ಉಳಿದದ್ದು ಒಂದೇ ತೊಡಕು. ತಜ್ಞರ ಕಣ್ಣೆದುರೇ ಬಿಳಿ ಕಣಗಳು ತಿಂದು ತೋರಿಸಬೇಕು. ಹಾಗೆ ತಿನ್ನುವ ಕಣಗಳು ಆ ಕಟ್ಟಡದಲ್ಲಿ ಯಾರ ಮೈಯಲ್ಲಿವೆ? ಗುಮಾಸ್ತರದು ಸುಮಾರು, ಲೆಕ್ಕ ವಿಭಾಗದ್ದು ಅರೆಮನಸ್ಸು, ತಮ್ಮದರ ಸಂಗತಿ ನಿರ್ದೇಶಕರಿಗೆ ಮರೆತಿರಲಿಲ್ಲ. ತಜ್ಞರು ಬರುವ ದಿನ ಬೆಳಿಗ್ಗೆ ಅವರು ಹೊಟ್ಟೆಬಾಕನನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಸುಲಿದ ಬಾಳೆಹಣ್ಣು ಇತ್ತು.

"ಬಾರಯ್ಯಾ. ನಿನ್ನನ್ನ ಮತ್ತೆ ತಗೊಳ್ತಿದೀವಿ. ಎರಡನೇ ದಾನಿ ಅಂತ."

ಹೊಟ್ಟೆಬಾಕ ಬಾಳೆಹಣ್ಣು ಮುಟ್ಟಲಿಲ್ಲ. "ಒಂದನೇ ದಾನಿ ಏನಾದ ಸಾರ್?"

"ಅವನ ರಕ್ತ ಕೆಟ್ಟಿತ್ತಲ್ಲ, ಕೈಬಿಟ್ವಿ. ಈಗ ನೀನು ಹೊಸಬ. ಕಾಗದದ ಮೇಲೆ ಅಷ್ಟೇ ಕಣಯ್ಯಾ, ನಿಂಗೇನು ನಷ್ಟ?"

"ಅವನಿಗೊಬ್ಬಳು ಮಗಳಿದ್ದಾಳೆ ಸಾರ್" ಎಂದ ಹೊಟ್ಟೆಬಾಕ. "ತುಂಬು ಬಸುರಿ. ನಿಮ್ಮ ಬೋರ್ಡ್ ನೋಡಿದಾಗಿನಿಂದ ಆಸ್ಪತ್ರೆ ಆಸ್ಪತ್ರೆ ಅಲೀತಿದ್ದಾಳೆ. ಅವಳಿಗೆ ಯಾರು ಹೇಳ್ತಾರೆ?"

ನಿರ್ದೇಶಕರು ಗಡಿಯಾರ ನೋಡಿದರು, ಕಿಟಕಿಯ ಕಡೆ ನೋಡಿದರು. ಕೆಳಗೆ ವ್ಯಾನು ಬಂದು ನಿಂತ ಸದ್ದಾಯಿತು. ಅವರು ಮೇಜಿನ ಮೇಲೆ ಬಾಗಿ, ಪಿಸುದನಿಯಲ್ಲಿ, "ನಿನ್ನ ರಕ್ತ ಯಾವತ್ತೂ ಸರಿಯಾಗೇ ಇತ್ತಪ್ಪ. ತಪ್ಪು ನನ್ನ ಪ್ರತಿಕಾಯದ್ದು. ಆಯ್ತಾ? ಇದು ನಮ್ಮಿಬ್ಬರಲ್ಲೇ ಇರಲಿ. ಅಂಗಿಯ ತೋಳು ಮಡಚು" ಎಂದರು.

ಇಷ್ಟು ದಿನ ಆ ಮಾತಿಗಾಗಿ ಕಾದಿದ್ದವನು ಅವನು. ಕೇಳಿದೊಡನೆ ಅಳು ಬರುತ್ತದೆಂದುಕೊಂಡಿದ್ದ, ಬರಲಿಲ್ಲ. ಅಸ್ತರಿನೊಳಗೆ ಹೊಲಿದ ಕುಣಿಕೆಯೇ ಇದು ಎನ್ನಿಸಿತು. ಗಟ್ಟಿಯಾಗಿಯೇ ಇದೆ, ಯಾರ ಕೈಗೂ ಸಿಗುವುದಿಲ್ಲ. ಅವನು ಎದ್ದು ಹೋಗಿ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲವಾಗಿ ತೆರೆದ. ಹೊರಗೆ ಗುಮಾಸ್ತರಿದ್ದರು, ಲೆಕ್ಕ ವಿಭಾಗದವರಿದ್ದರು, ಮೇಡಂ ಇದ್ದರು. ತಜ್ಞರ ಚೀಲಗಳನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದ ಅಳಿಯ ಅಲ್ಲೇ ನಿಂತ. ಅವನ ಹಿಂದೆ ತಜ್ಞರು.

"ಈಗ ಇನ್ನೊಂದ್ಸಲ ಹೇಳಿ ಸಾರ್" ಎಂದ ಹೊಟ್ಟೆಬಾಕ.

ನಿರ್ದೇಶಕರ ಕಿವಿ ಕೆಂಪಾಯಿತು. ತಜ್ಞರನ್ನು ನೋಡಿದರು, ಅವನ ಅಂಗಿಯ ಮಡಚದ ತೋಳನ್ನು ನೋಡಿದರು. ಆ ತೋಳಿಲ್ಲದೆ ಅವತ್ತಿನ ದಿನವಿಲ್ಲ. "ಇವನ ರಕ್ತ ಸರಿಯಾಗೇ ಇತ್ತು" ಎಂದರು.

"ಹೊರಗಿನವರಿಗೆ ಕೇಳಿಸಲಿಲ್ಲ ಸಾರ್."

"ಇವರ ರಕ್ತ ಯಾವತ್ತೂ ಸರಿಯಾಗೇ ಇತ್ತು! ತಪ್ಪು ನನ್ನ ಪ್ರತಿಕಾಯದ್ದು!" ಎಂದು ಅವರು ಕೂಗಿಯೇ ಬಿಟ್ಟರು. ಗಾಬರಿಯಲ್ಲಿ ಅವನಿಗೆ ಬಹುವಚನವೂ ಸಿಕ್ಕಿತು. ತಜ್ಞರಲ್ಲಿ ಒಬ್ಬರು, ಬಹುಶಃ ಇದು ಇಲ್ಲಿಯ ಸ್ವಾಗತದ ಪದ್ಧತಿಯೇನೋ ಎಂದುಕೊಂಡು ಕೈಮುಗಿದರು.

ಹೊಟ್ಟೆಬಾಕ ಕುರ್ಚಿಯ ಪಕ್ಕ ಬಂದು ನಿಂತ. ನಿರ್ದೇಶಕರು ಎದ್ದರು. ಅವನು ಕೂತು, ಅಂಗಿಯ ತೋಳು ಮಡಚಿ, ಕುರ್ಚಿಯ ಅಗಲವಾದ ಕೈಯ ಮೇಲೆ ತೋಳು ಚಾಚಿ ಇಟ್ಟ. ಮೇಡಂ ಸೂಜಿ ಹಿಡಿದು ಬಂದರು. ಅಷ್ಟರಲ್ಲಿ ಅಳಿಯ ತಜ್ಞರ ಚೀಲಗಳನ್ನು ನೆಲಕ್ಕೆ ಹಾಕಿ, ಫೋನು ಹಚ್ಚಿ, ಹೆಂಡತಿಗೆ ವಿಷಯ ಹೇಳುತ್ತಲೇ ಓಡಿಬಂದು ಮಾವನ ಕಿವಿಗೆ ಒತ್ತಿದ. ಆ ಕಡೆಯಿಂದ ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುತ್ತಿರಲಿಲ್ಲ. "ಅಪ್ಪ, ನಿಜಾನಾ? ಅತ್ತೇನೂ ಕೇಳಿಸ್ಕೊಳ್ತಿದ್ದಾರೆ, ಇನ್ನೊಂದ್ಸಲ ಹೇಳಪ್ಪ!"

"ಆಮೇಲೆ ಎಲ್ಲಾ ಹೇಳ್ತೀನಿ ಮಗಳೇ, ಈಗ ಫೋನ್ ಇಡು" ಎಂದ ಅವನು, ಕುರ್ಚಿಗೆ ಚೆನ್ನಾಗಿ ಒರಗಿಕೊಂಡು. "ಪಾಪ, ಸಾರ್ ನಿಂತೇ ಇದ್ದಾರೆ."